ಬರಿದು ಮಾಡಬಾರದ ಎಣ್ಣೆ

ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕೆಯಿಂದ ಎಣ್ಣೆಕಡ್ಡಿ ಎಳೆದು ನೋಡುವುದು ನನ್ನ ಗಂಡ ಕಲಿಸಿದ ಕೆಲಸ. ಕಡ್ಡಿಯ ತುದಿ ಒದ್ದೆಯಿದ್ದರೆ ಎಣ್ಣೆ ಇದೆ, ಒಣಗಿದ್ದರೆ ಇಲ್ಲ. ಕಡಿಮೆ ಅನ್ನಿಸಿದರೆ ಮೇಲಿನಿಂದ ಒಂದು ಲೋಟ ಹೊಯ್ಯುವುದು. ಇಷ್ಟೇ ಅವರು ಕಲಿಸಿದ್ದು, ಇಷ್ಟೇ ಅವರಿಗೂ ಗೊತ್ತಿದ್ದದ್ದು. ಎಂಜಿನ್ನಿನ ಎಣ್ಣೆಯನ್ನು ಪೂರ್ತಿ ತೆಗೆದು ಚೆಲ್ಲಬೇಕು ಎಂಬ ಮಾತು ನಮ್ಮಿಬ್ಬರ ಕಿವಿಗೂ ಬಿದ್ದಿರಲಿಲ್ಲ. ಬಿದ್ದಿದ್ದರೂ ನಂಬುತ್ತಿರಲಿಲ್ಲ.

ನಾವು ಅಡುಗೆಯವರು, ಕುಂದಾಪುರದ ಕಡೆಯವರು. ನಮ್ಮಲ್ಲಿ ಎಣ್ಣೆ ಪಾತ್ರೆ ಬರಿದು ಮಾಡುವುದಿಲ್ಲ. ಅಕ್ಕಿ ಮಡಕೆಯ ತಳದಲ್ಲಿ ಒಂದು ಹಿಡಿ ಇರಬೇಕು, ಎಣ್ಣೆ ಭರಣಿಯ ತಳದಲ್ಲಿ ಒಂದು ಬೆರಳು ಇರಬೇಕು, ಹೊಸದು ಅದರ ಮೇಲೆ ಬೀಳಬೇಕು. ಬರಿದಾದ ಪಾತ್ರೆ ಮನೆಗೆ ಒಳ್ಳೆಯದಲ್ಲ. ಸೂರತ್ತಿನಲ್ಲಿ ನನ್ನ ಗಂಡನ ಅಣ್ಣನ ಹೋಟೆಲಿತ್ತು. ಅಲ್ಲಿ ವಡೆ ಕರಿಯುವ ಬಾಣಲೆ ನಾನಿದ್ದಷ್ಟು ಕಾಲವೂ ಬರಿದಾಗಲಿಲ್ಲ. ದಿನವೂ ಸೋಸುವುದು, ದಿನವೂ ಮೇಲೆ ಹೊಯ್ಯುವುದು. ಕಾರಿಗೂ ನನ್ನ ಗಂಡ ಅದನ್ನೇ ಮಾಡಿದರು, ಸೋಸುವುದೊಂದು ಬಿಟ್ಟು.

ಇದು ಸೂರತ್ತು ಬಿಟ್ಟು ಬಂದ ಮೇಲಿನ ಬರೋಡದ ಮಾತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಂಜಲ್‌ಪುರದಲ್ಲಿ ಒಂದು ಸೊಸೈಟಿಯ ಹಿಂದುಗಡೆ ನಮ್ಮ ಕೋಣೆ. ಕೋಣೆಯ ಮುಂದೆ ತಗಡಿನ ಚಪ್ಪರ, ಚಪ್ಪರದ ಒಂದು ಬದಿಗೆ ಒಲೆ, ಇನ್ನೊಂದು ಬದಿಗೆ ಕಾರು. ನಾನು ಇಡ್ಲಿ, ಚಟ್ನಿ, ಸಾಂಬಾರು ಮಾಡಿ ಕೊಯಾಲಿಗೆ ಒಯ್ಯುತ್ತಿದ್ದೆ. ಅಲ್ಲಿ ರಿಫೈನರಿಯ ಆಚೆ ಬಯಲಿನಲ್ಲಿ ಒಬ್ಬ ಗುತ್ತಿಗೆದಾರನ ಕಟ್ಟಡದ ಕೆಲಸ ನಡೆಯುತ್ತಿತ್ತು. ವೆಲ್ಡರು, ಫಿಟ್ಟರು ಎಲ್ಲ ಮದ್ರಾಸು, ಕೇರಳ, ಆಂಧ್ರದವರು. ಬೆಳಿಗ್ಗೆ ಕಡಲೆ ಹಿಟ್ಟಿನ ಸಿಹಿಬೆರೆತ ತಿಂಡಿ, ಫರ್ಸಾಣು, ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಡ್ಲಿಗೆ ಸಾಲು ನಿಲ್ಲುತ್ತಿದ್ದರು.

ಕಾರು ಕೊಂಡವರು ನನ್ನ ಗಂಡ. ನಮ್ಮ ಕಡೆಯ ಬ್ಯಾಂಕಿನವರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಹೋದ ಸಣ್ಣ ಕಾರು, ಆಗಲೇ ಮುದಿ. ಹಿಂದಿನ ಸೀಟು ಕಿತ್ತು ಪಾತ್ರೆ ಇಡಲು ಜಾಗ ಮಾಡಿದ್ದೆವು. ಓಡಿಸಲು ನನಗೆ ಕಲಿಸಿದವರೂ ಅವರೇ. ಪ್ರೀತಿಯಿಂದಲ್ಲ. ಅವರಿಗೆ ಮೂಲವ್ಯಾಧಿ, ಬೆಳಗಿನ ಹೊತ್ತು ಸೀಟಿನಲ್ಲಿ ಕೂರಲು ಆಗುತ್ತಿರಲಿಲ್ಲ. ಮಕರ್‌ಪುರದ ಖಾಲಿ ಬಯಲಿನಲ್ಲಿ ಕಲಿತೆ. ಲೈಸೆನ್ಸಿಗೆ ಬೇಕೆಂದು ಸಹಿ ಹಾಕುವುದನ್ನೂ ಆಗಲೇ ಕಲಿತೆ. ಸಹಿಗಿಂತ ಗೇರು ಸುಲಭವಿತ್ತು.

ಆ ದೀಪಾವಳಿ ಕಳೆದ ಮೇಲೆ ಗಂಡನ ಅಣ್ಣ ಸೂರತ್ತು ಬಿಟ್ಟು ಅಹಮದಾಬಾದಿನಲ್ಲಿ ದೊಡ್ಡ ಹೋಟೆಲು ತೆಗೆದರು. ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ತಮ್ಮ ಬೇಕು, ರುಬ್ಬಲು ತಮ್ಮನ ಹೆಂಡತಿ ಬೇಕು. ನನ್ನ ಗಂಡ ಚೀಲ ಕಟ್ಟಿಕೊಂಡು ನಿಂತರು.

“ಹೊರಡ್. ಅಲ್ಲಿ ಕರೆಂಟಿನ ಗ್ರೈಂಡರ್ ಇತ್ತ್. ನಿನ್ ಕೈಗೆ ಕೆಲ್ಸ ಇಲ್ಲೆ.”

“ಸೂರತ್ತಿಗೆ ಹೊರಡುವಾಗ್ಳೂ ಹೀಂಗೇ ಹೇಳಿದ್ರಿ. ನಾನ್ ಬತ್ತಿಲ್ಲೆ.”

“ಇಲ್ಲಿ ಒಬ್ಳೇ ಎಂತ ಮಾಡ್ತೆ?”

“ಇಡ್ಲಿ.”

ಅವರು ಕಾರಿನ ಕಡೆ ನೋಡಿದರು. ಅದನ್ನು ಮಾರಿದರೆ ಸರಿ ಎಂದು ಅಣ್ಣ ಹೇಳಿಕೊಟ್ಟಿದ್ದರೋ ಏನೋ. ಆದರೆ ಕೊಯಾಲಿಯ ಕೆಲಸ ಕೈಯಲ್ಲಿದ್ದಾಗ ಮಾರು ಎನ್ನಲು ಬಾಯಿ ಬರಲಿಲ್ಲ.

“ಆಯ್ತ್. ಅದ್ ಓಡುವಷ್ಟ್ ದಿನ ಓಡ್ಸ್. ನಿಂತ್ ದಿನ ನಾನ್ ಬಂದ್ ಕರ್ಕಂಡ್ ಹೋತೆ. ಆಗ ಮತ್ತೆ ಮಾತ್ ಆಡುಕಾಗ.”

“ಆಯ್ತ್,” ಅಂದೆ.

ಸೂರತ್ತಿನಲ್ಲಿ ನಾನು ಹೋಟೆಲಿನ ಹಿಂದಿನ ಗೋಡೆಯನ್ನು ನೋಡಿಕೊಂಡು ರುಬ್ಬಿದವಳು. ಆ ಊರು ಹೇಗಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ. ಒಂದು ನದಿ ಇದೆಯಂತೆ. ಅಹಮದಾಬಾದಿನಲ್ಲಿಯೂ ನದಿ ಇದೆಯಂತೆ, ಗೋಡೆಯೂ ಇದ್ದೇ ಇರುತ್ತದೆ. ಬರೋಡದ ಒಲೆ ನನ್ನದು. ಉಪ್ಪು ಎಷ್ಟು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಉಳಿಯಬೇಕಾದರೆ ಕಾರು ಓಡಬೇಕು. ಲೆಕ್ಕ ಇಷ್ಟೇ.

ಅವರು ಹೋದ ಮೇಲೆ ಮನೆಯಲ್ಲಿ ಕನ್ನಡ ನಿಂತಿತು. ಕೊಯಾಲಿಯಲ್ಲಿ “ಔರ್ ಚಟ್ನಿ, ಮಾಸಿ” ಎನ್ನುವವರು, ಸೊಸೈಟಿಯಲ್ಲಿ “ಕೇಮ್ ಛೋ” ಎಂದು ಉತ್ತರಕ್ಕೆ ಕಾಯದೆ ಹೋಗುವವರು. ಉದ್ದು ತರಲು ಸ್ಟೇಷನ್ ಹತ್ತಿರ ನಮ್ಮ ಕಡೆಯವರ ಹೋಟೆಲಿಗೆ ಹೋದಾಗ ಮಾತ್ರ ನಾಲ್ಕು ಮಾತು. ಅದರಲ್ಲಿ ಮೂರು, ಗಂಡ ಯಾವಾಗ ಬರುತ್ತಾರೆ ಎಂಬುದು. ನಾನು ಉದ್ದು ತೆಗೆದುಕೊಂಡು ಬರುತ್ತಿದ್ದೆ.

ಚಳಿ ಶುರುವಾದಾಗ ಎಂಜಿನ್ನಿನಲ್ಲಿ ಸದ್ದು ಶುರುವಾಯಿತು. ಬೆಳಿಗ್ಗೆ ಚಾಲೂ ಮಾಡಿದರೆ ಟಕ ಟಕ ಟಕ, ಮುದುಕಿ ಅಡಿಕೆ ಕುಟ್ಟಿದ ಹಾಗೆ. ಬಿಸಿಯಾದ ಮೇಲೆ ಕಡಿಮೆಯಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಕಡ್ಡಿ ನೋಡಿದೆ, ಒದ್ದೆ ಇದೆ. ಒಂದು ಲೋಟ ಹೊಯ್ದೆ. ಸದ್ದು ಹಾಗೆಯೇ ಇತ್ತು.

ಮಕರ್‌ಪುರದ ರಸ್ತೆಯಲ್ಲಿ ಒಬ್ಬ ಮಿಸ್ತ್ರಿಯ ಗ್ಯಾರೇಜು. ಗಡ್ಡದ ಮುದುಕ. ಅವನು ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿದ, ಮೂಸಿದ, ನನ್ನ ಮೂಗಿನ ಹತ್ತಿರವೂ ಹಿಡಿದ. ಅವನು ಆಡುವುದು ಅರ್ಧ ಹಿಂದಿ, ಅರ್ಧ ಗುಜರಾತಿ. ನಾನು ಕನ್ನಡದಲ್ಲಿ ಬರೆಯುತ್ತೇನೆ, ಬೆನ್ ಎಂಬುದೊಂದು ಬಿಟ್ಟು. ಅದು ಅವರ ಅಕ್ಕ.

“ಬೆನ್, ಈ ಎಣ್ಣೆ ಯಾವ ಕಾಲದ್ದು?”

“ಮೊನ್ನೆ ಕೂಡ ಹೊಯ್ದಿದ್ದೇನೆ.”

“ಹೊಯ್ದದ್ದು ಇರಲಿ. ತೆಗೆದದ್ದು ಯಾವಾಗ?”

“ತೆಗೆಯುವುದು ಅಂದರೆ?”

ಮಿಸ್ತ್ರಿ ಪಕ್ಕದ ಟೈರಿನವನನ್ನು ಕೂಗಿದ. “ಓ ಭಾಯ್, ಇಲ್ಲಿ ಬಾ! ಈ ಬೆನ್ ವರ್ಷಗಟ್ಟಲೆ ಗಾಡಿಗೆ ಕುಡಿಸುತ್ತಲೇ ಇದ್ದಾಳೆ. ಒಂದು ದಿನವೂ ಉಚ್ಚೆ ಹೊಯ್ಯಲು ಬಿಟ್ಟಿಲ್ಲ!”

ಟೈರಿನವ ಬಂದು ನೋಡಿ ನಕ್ಕ. ನಗಲಿ. ನನಗೆ ಬೇಕಾದದ್ದು ಸದ್ದು ನಿಲ್ಲುವುದು.

ಮಿಸ್ತ್ರಿ ಹೇಳಿದ. ಎಣ್ಣೆ ಸುಟ್ಟು ಕೆಡುತ್ತದೆ, ಅದರಲ್ಲಿ ಮಸಿ, ಕಬ್ಬಿಣದ ಪುಡಿ ಸೇರುತ್ತದೆ. ಬಣ್ಣ ಕಪ್ಪಾದ ಮಾತ್ರಕ್ಕೆ ಕೆಟ್ಟಿತು ಅಂತಲ್ಲ, ಬೆರಳಿಗೆ ಮರಳು ತಾಗಿದರೆ ಕೆಟ್ಟಿತು. ಎಂಜಿನ್ ಬಿಸಿಯಿರುವಾಗ ಅಡಿಯ ಬಿರಡೆ ಬಿಚ್ಚಿ ಹಳೆಯದನ್ನು ಇಳಿಸಬೇಕು, ಬಿರಡೆಯ ತಾಮ್ರದ ಬಳೆ, ಅಂದರೆ ವಾಶರ್, ಬದಲಾಯಿಸಬೇಕು, ಹೊಸ ಎಣ್ಣೆ ಮೇಲಿನಿಂದ ಹೊಯ್ಯಬೇಕು. ಕಡ್ಡಿ ನೋಡುವ ಕ್ರಮವನ್ನೂ ಹೇಳಿಕೊಟ್ಟ. ಸಮನೆಲದಲ್ಲಿ ಗಾಡಿ ನಿಲ್ಲಿಸು. ಎಂಜಿನ್ ಆರಿಸಿ, ಮೇಲಿನ ಎಣ್ಣೆ ಇಳಿಯುವವರೆಗೆ ಕಾಯು. ಕಡ್ಡಿ ಎಳೆದು ಒರೆಸು, ಮತ್ತೆ ತೂರಿಸು, ಮತ್ತೆ ಎಳೆ. ಆಗ ಕಂಡದ್ದು ನಿಜ. ಮೇಲೊಂದು ಗೀಟು, ಕೆಳಗೊಂದು ಗೀಟು, ಎಣ್ಣೆ ನಡುವೆ ಇರಬೇಕು. ಹೆಚ್ಚಾದರೂ ಕೆಡುಕೇ. ನಾವು ಒರೆಸದೆ ನೋಡುತ್ತಿದ್ದೆವು. ಒರೆಸದ ಕಡ್ಡಿ ಯಾವಾಗಲೂ ಒದ್ದೆ.

“ನೀನೇ ಮಾಡಿಕೊಡು,” ಅಂದೆ.

“ಉತ್ತರಾಯಣ ಕಳೆದು ಬಾ. ನಾಡಿದ್ದು ಹಬ್ಬ, ನಾಳೆಯಿಂದಲೇ ನನಗೆ ದಾರಕ್ಕೆ ಗಾಜು ಹಚ್ಚುವ ಕೆಲಸ. ಅಂಗಡಿ ತೆಗೆಯುವುದಿಲ್ಲ.”

ಗಡ್ಡ ನರೆತರೂ ಅವನಿಗೆ ಸಂಕ್ರಾಂತಿಗೆ ಗಾಳಿಪಟದ ಹುಚ್ಚು. ಆ ಊರಿನಲ್ಲಿ ಎಲ್ಲರಿಗೂ ಹಾಗೆಯೇ. ಆದರೆ ಕೊಯಾಲಿಯ ಕೆಲಸಕ್ಕೆ ಸದ್ಯಕ್ಕೆ ರಜೆಯಿರುವುದೂ ಉತ್ತರಾಯಣಕ್ಕೆ ಮಾತ್ರ. ಬೇರೆ ದಿನ ಕಾರು ಬಿಟ್ಟುಕೊಟ್ಟರೆ ಇಡ್ಲಿ ಹೋಗುವುದಿಲ್ಲ. ಅಲ್ಲಿಯ ಸೂಪರ್‌ವೈಜರ್ ಮೊದಲ ದಿನವೇ ಹೇಳಿದ್ದ, ಒಂದು ದಿನ ತಪ್ಪಿದರೂ ಗೇಟಿನ ಚಾಯ್‌ವಾಲಾನಿಗೆ ಕೊಟ್ಟುಬಿಡುತ್ತೇನೆ ಎಂದು. ಹಾಗಾಗಿ ಮಿಸ್ತ್ರಿಯಿಂದ ಸ್ಪಾನರ್ ಮತ್ತು ತಾಮ್ರದ ಬಳೆ ಇಸಿದುಕೊಂಡು, ಪೆಟ್ರೋಲ್ ಪಂಪಿನಿಂದ ಎಣ್ಣೆಯ ಡಬ್ಬ ತಂದೆ.

ಉತ್ತರಾಯಣದ ದಿನ ಮಂಜಲ್‌ಪುರದಲ್ಲಿ ನೆಲದ ಮೇಲೆ ಜನ ಇರಲಿಲ್ಲ. ಎಲ್ಲರೂ ತಾರಸಿಯಲ್ಲಿ. ಪಟ ಕಡಿದಾಗಲೆಲ್ಲ “ಲಪೇಟ್, ಲಪೇಟ್” ಎಂಬ ಬೊಬ್ಬೆ, ತಟ್ಟೆ ಬಡಿಯುವ ಸದ್ದು. ನಾನು ಕಾರನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿದೆ. ಬಿಸಿ ಎಣ್ಣೆ ತೆಳ್ಳಗಿರುತ್ತದೆ, ಬೇಗ ಇಳಿಯುತ್ತದೆ ಎಂದು ಬಾಣಲೆ ಹಿಡಿದವರಿಗೆ ಹೇಳಬೇಕಾಗಿಲ್ಲ. ಮುಂದಿನ ಚಕ್ರ ಇಟ್ಟಿಗೆಯ ಮೇಲೆ ಹತ್ತಿಸಿದೆ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ. ಸೀರೆ ಕಚ್ಚೆ ಹಾಕಿ, ಗೋಣಿ ಹಾಸಿ, ಕಾರಿನಡಿಗೆ ತೂರಿದೆ.

ಬಿರಡೆ ಅಲುಗಲಿಲ್ಲ. ಬ್ಯಾಂಕಿನವರ ಕಾಲದಿಂದ ಯಾರೂ ಮುಟ್ಟಿರಲಿಲ್ಲ ಅಂತ ಕಾಣುತ್ತದೆ. ಕಾಲಿನಿಂದ ಒದ್ದರೂ ಇಲ್ಲ. ಕೊನೆಗೆ ಒಲೆಯ ಹತ್ತಿರದ ಕಬ್ಬಿಣದ ಊದುಕೊಳವೆ ತಂದು ಸ್ಪಾನರಿನ ಬಾಲಕ್ಕೆ ಸಿಕ್ಕಿಸಿದೆ. ಹಿಡಿಕೆ ಉದ್ದವಾಯಿತು. ಎರಡೂ ಕೈಯಲ್ಲಿ ಎಳೆದೆ. ಕಟಕ್ ಎಂದು ಸಡಿಲಿತು. ಆಮೇಲೆ ಬೆರಳಿನಿಂದ ತಿರುಗಿಸುವಾಗ ಬಿರಡೆ ಒಮ್ಮೆಲೇ ಕಳಚಿ ಬಿಸಿ ಎಣ್ಣೆ ಮೊಣಕೈವರೆಗೆ ಇಳಿಯಿತು. ಚರ್ಮ ಸುಟ್ಟಿತು. ಹಿಟ್ಟು ಕಲಸುವ ಹಳೆಯ ಬೋಗುಣಿಯನ್ನು ಅಡಿಗೆ ನೂಕಿ ನಾನು ಹೊರಗೆ ಬಂದೆ.

ತಾರಸಿಯಿಂದ ಸೊಸೈಟಿಯ ಹೆಂಗಸೊಬ್ಬಳು ಕೂಗಿದಳು. “ಓ ಮದ್ರಾಸಿ ಮಾಸಿ! ಉಪರ್ ಆವೋ ನೆ! ಉಂಧಿಯು ಮಾಡಿದ್ದೇವೆ, ಬಂದು ತಿನ್ನು!”

ಅವಳ ಗಂಡ ಇಣುಕಿದ. “ಕಾರಿನ ಕೆಳಗೆ ಯಾರಾದರೂ ಸತ್ತಿದ್ದಾರಾ, ಮಾಸಿ?”

“ಇನ್ನೂ ಇಲ್ಲ,” ಅಂದೆ.

ಅವರು ನಕ್ಕರು, ಯಾವುದೋ ಪಟ ಕಡಿಯಿತು, ಆ ಕಡೆ ತಿರುಗಿದರು. ನನ್ನನ್ನು ಮತ್ತೆ ಕರೆಯಲಿಲ್ಲ. ಎರಡನೆಯ ಸಲ ಕರೆದಿದ್ದರೆ ಹೋಗುತ್ತಿದ್ದೆನೋ ಏನೋ. ಕೈ ತುಂಬ ಮಸಿ ಇತ್ತು, ಅದೊಂದು ನೆಪ.

ಎಣ್ಣೆ ಮೊದಲು ಹಗ್ಗದ ಹಾಗೆ ಇಳಿಯಿತು, ಆಮೇಲೆ ದಾರದ ಹಾಗೆ. ದಾರ ಸಣ್ಣಗಾಗಿ, ಕಪ್ಪು ಗಂಜಿಯ ಹಾಗೆ ದಪ್ಪ ಹನಿ ಬೀಳಲು ಶುರುವಾದಾಗ ನಾನು ಬಿರಡೆ ಹಾಕಿಬಿಟ್ಟೆ. ತಳದಲ್ಲಿ ಒಂದು ಬೆರಳು ಉಳಿಯಬೇಕಲ್ಲ. ಮಿಸ್ತ್ರಿ ಎಣ್ಣೆ ತೆಗೆ ಅಂದಿದ್ದ, ಬರಿದು ಮಾಡು ಅಂದಿರಲಿಲ್ಲ. ಎಣ್ಣೆ ಇರುವ ಪಾತ್ರೆಯನ್ನು ಬರಿದು ಮಾಡಲು ನನ್ನ ಕೈಗೆ ಗೊತ್ತೇ ಇರಲಿಲ್ಲ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿದ್ದು.

ಹೊಸ ಎಣ್ಣೆ ಹೊಯ್ದೆ. ಜೇನಿನ ಬಣ್ಣ. ಇಟ್ಟಿಗೆಯಿಂದ ಇಳಿಸಿ, ಎಂಜಿನ್ ಓಡಿಸಿ, ಆರಿಸಿ, ಕಾದು, ಕಡ್ಡಿ ಒರೆಸಿ ನೋಡಿದೆ. ಎರಡು ಗೀಟಿನ ನಡುವೆ. ಬಿರಡೆಯಿಂದ ಸೋರಲಿಲ್ಲ. ಹಳೆಯ ಎಣ್ಣೆಯನ್ನು ಚಪ್ಪರದ ಕಂಬಗಳಿಗೆ ಗೆದ್ದಲು ಹಿಡಿಯದ ಹಾಗೆ ಬಳಿದೆ. ಸದ್ದು ಕಡಿಮೆಯಾಗಿತ್ತು. ಆ ಸಂಜೆ ಪಟದ ದಾರಕ್ಕೆ ದೀಪ ಕಟ್ಟಿ ಆಕಾಶ ತುಂಬ ಹಾರಿಸಿದರು. ನಾನು ಮಾಡಿದ ಕೆಲಸವನ್ನು ಹೇಳಲು ಯಾರೂ ಇರಲಿಲ್ಲ.

ಕೆಲವು ದಿನ ಕಾರು ಚೆನ್ನಾಗಿ ಓಡಿತು. ಆಮೇಲೆ ಒಂದು ಬೆಳಿಗ್ಗೆ, ಗೊರವಾ ದಾಟಿ ಹೊಲದ ನಡುವಿನ ರಸ್ತೆಯಲ್ಲಿ ಹೋಗುತ್ತಿದ್ದಾಗ, ಸ್ಟೇರಿಂಗಿನ ಮುಂದಿನ ಸಣ್ಣ ಕೆಂಪು ದೀಪ ಮಿಣಮಿಣ ಎಂದಿತು. ಚಾವಿ ತಿರುಗಿಸಿದಾಗ ಹತ್ತಿ, ಎಂಜಿನ್ ಹಿಡಿದ ಕೂಡಲೇ ಆರುವ ದೀಪ ಅದು. ಎಣ್ಣೆ ಮೇಲಕ್ಕೆ ಏರದಿದ್ದರೆ ಆರುವುದಿಲ್ಲ. ಓಡುವಾಗ ಅದು ಹತ್ತಿದ್ದನ್ನು ನಾನು ಅವತ್ತೇ ಕಂಡದ್ದು. ಮತ್ತೆ ಆರಿತು. ಮತ್ತೆ ಹತ್ತಿತು, ಆರಲಿಲ್ಲ. ಸದ್ದು ಹಿಂದೆ ಇದ್ದದ್ದಕ್ಕಿಂತ ಜೋರಾಗಿ ಬಂತು.

ರಸ್ತೆ ಬದಿಗೆ ತಂದು ಆರಿಸಿದೆ. ಬಾನೆಟ್ ಎತ್ತಿ, ಕಾದು, ಕಡ್ಡಿ ಎಳೆದು, ಸೆರಗಿನಲ್ಲಿ ಒರೆಸಿ, ತೂರಿಸಿ, ಮತ್ತೆ ಎಳೆದೆ. ಎಣ್ಣೆ ಇದೆ. ಮೇಲಿನ ಗೀಟಿನ ಹತ್ತಿರವೇ ಇದೆ. ಮತ್ತೆ ಚಾಲೂ ಮಾಡಿದೆ. ದೀಪ ಹಾಗೇ ಕೆಂಪಗೆ.

ಕಡ್ಡಿ ಎಣ್ಣೆ ಇದೆ ಅನ್ನುತ್ತದೆ, ದೀಪ ಇಲ್ಲ ಅನ್ನುತ್ತದೆ. ಯಾವುದನ್ನು ನಂಬುವುದು? ಕಾರಿನ ಮಟ್ಟಿಗೆ ನಾನು ಇಷ್ಟು ದಿನ ನಂಬಿದ್ದು ಕಡ್ಡಿಯೊಂದನ್ನೇ. ದೂರದಲ್ಲಿ ರಿಫೈನರಿಯ ಕೊಳವೆಯ ತುದಿಯಲ್ಲಿ ಬೆಂಕಿ ಉರಿಯುವುದು ಕಾಣುತ್ತಿತ್ತು. ಅದರ ಪಕ್ಕದಲ್ಲೇ ನನ್ನ ಗೇಟು. ಹಿಂದೆ ಇಡ್ಲಿ ಬಿಸಿಯಾಗಿ ಕೂತಿದೆ. ಒತ್ತಿ ಓಡಿಸಿದರೆ ತಲುಪಬಹುದು. ಇವತ್ತು ತಪ್ಪಿದರೆ ಕೆಲಸ ಹೋಯಿತು. ಓಡಿಸಿ ಎಂಜಿನ್ ಸತ್ತರೆ ಕಾರು ಹೋಯಿತು. ಕಾರು ಹೋದರೆ ಅಹಮದಾಬಾದು.

ಸದ್ದನ್ನು ಇನ್ನೊಮ್ಮೆ ಕೇಳಿದೆ. ಅದು ದೀಪದ ಪರವಾಗಿತ್ತು. ಇಬ್ಬರ ಮಾತು ಒಂದಾದರೆ ಮೂರನೆಯವನ ಸಾಕ್ಷಿ ಬೇಡ. ಚಾವಿ ತಿರುಗಿಸಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೈಯಲ್ಲಿದ್ದರೆ ಮತ್ತೆ ಹಾಕುತ್ತಿದ್ದೆ.

ಒಂದು ಹುಲ್ಲಿನ ಟೆಂಪೋ ಬಂತು. ಅಡ್ಡ ನಿಂತೆ. ಚಾಲಕ ತಲೆ ಹೊರಹಾಕಿ ಬೈದ. ಬೈಯುವುದು ಮುಗಿದ ಮೇಲೆ, ಕೊಯಾಲಿಯ ಗೇಟಿಗೆ ಪಾತ್ರೆ ಮುಟ್ಟಿಸು, ಬರುವಾಗ ನನ್ನ ಗಾಡಿಗೆ ಹಗ್ಗ ಕಟ್ಟಿ ಮಕರ್‌ಪುರಕ್ಕೆ ಎಳೆ ಎಂದು ಕೇಳಿದೆ.

“ನೀನೂ ಬಾ ಮಾಸಿ, ಪಾತ್ರೆ ನೀನೇ ಕೊಡು.”

“ಗಾಡಿ ಒಂದನ್ನೇ ಬಿಟ್ಟು ಬಂದರೆ ಚಕ್ರ ಇರುತ್ತದಾ?”

“ಇರುವುದಿಲ್ಲ,” ಎಂದು ಒಪ್ಪಿದ. “ನಾನೇ ಬಿಚ್ಚಿಕೊಂಡು ಹೋಗುತ್ತಿದ್ದೆ.”

ಹುಲ್ಲಿನ ಮೇಲೆ ಇಡ್ಲಿ ಹೋಯಿತು. ನಾನು ಕಾರಿನಲ್ಲಿ ಕುಳಿತೆ. ಕಾರಿನ ಜೊತೆ ಮಾತಾಡುವ ಹುಚ್ಚು ನನಗಿಲ್ಲ. ಸೈಕಲ್ಲಿನವರು ಇಣುಕಿ ನೋಡಿ ಹೋದರು. ಒಂಟೆಗಾಡಿಯೊಂದು ಹೋಯಿತು, ಒಂಟೆಯೂ ಇಣುಕಿತು. ಆ ಹೊತ್ತಿನಲ್ಲಿ ನನ್ನ ಗಂಡ ನೆನಪಾದರು ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾದದ್ದು ಸೂರತ್ತಿನ ಗೋಡೆ. ಅದರಲ್ಲಿ ಒಂದು ಕಡೆ ಸುಣ್ಣ ಉದುರಿ ಕಪ್ಪೆಯ ಆಕಾರ ಆಗಿತ್ತು.

ಟೆಂಪೋ ತಿರುಗಿ ಬಂದಾಗ ಪಾತ್ರೆಯಲ್ಲಿ ಅರ್ಧ ಇಡ್ಲಿ ಉಳಿದಿತ್ತು. ತಲುಪುವ ಹೊತ್ತಿಗೆ ಅರ್ಧ ಜನ ಕೆಲಸಕ್ಕೆ ಹತ್ತಿಬಿಟ್ಟಿದ್ದರು.

“ಸಾಹೇಬ ಹೇಳಿದ, ನಾಳೆಯಿಂದ ಬೇಡ. ಚಾಯ್‌ವಾಲಾನಿಗೆ ಹೇಳಿಯಾಯಿತಂತೆ.” ಟೆಂಪೋದವನು ಬೇರೆ ಕಡೆ ನೋಡುತ್ತ ಹೇಳಿದ. ಬಾಯಲ್ಲಿ ಇಡ್ಲಿ ಇತ್ತು.

ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಸ್ಟೇರಿಂಗ್ ಹಿಡಿದು, ಹಗ್ಗ ಸಡಿಲವಾಗದ ಹಾಗೆ ಬ್ರೇಕು ಮುಟ್ಟುತ್ತ, ಇಡೀ ಬರೋಡ ದಾಟಿದೆ. ಸ್ಟೇಷನ್ನಿನ ಹತ್ತಿರ ನಮ್ಮ ಕಡೆಯ ಹೋಟೆಲಿನವರು ಬಾಗಿಲಲ್ಲಿ ನಿಂತಿದ್ದರು. ಕಂಡರು. ಅವರ ಹತ್ತಿರ ಫೋನಿತ್ತು. ಇನ್ನು ಅಹಮದಾಬಾದಿಗೆ ನಾನು ಹೇಳಿಕಳಿಸುವ ಕೆಲಸ ಇರಲಿಲ್ಲ. ನಾಳೆ ಬೆಳಗಿನ ರೈಲುಗಾಡಿಗೆ ಗಂಡ ಬರುತ್ತಾರೆ.

ಮಿಸ್ತ್ರಿ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಎಣ್ಣೆ ಇಳಿಸಿ, ಎಂಜಿನ್ನಿನ ಅಡಿಯ ತಟ್ಟೆಯನ್ನೇ ಬಿಚ್ಚಿದ. ಸುತ್ತಲೂ ಬೋಲ್ಟು, ಒಂದೊಂದನ್ನೂ ಸಡಿಲಿಸಿ ತಟ್ಟೆ ಇಳಿಸಿದಾಗ ತಳದಲ್ಲಿ ಕಪ್ಪು ಕೆಸರು ಹೆಪ್ಪುಗಟ್ಟಿ ಕೂತಿತ್ತು. ಸುಟ್ಟ ಜೋನಿಬೆಲ್ಲದ ಹಾಗೆ. ಅದರೊಳಗೆ ಎಣ್ಣೆ ಹೀರುವ ಜರಡಿ ಹೂತುಹೋಗಿತ್ತು. ಹೊಸ ಎಣ್ಣೆ ಗೋಡೆಯ ಹಳೆಯ ಕೊಳೆಯನ್ನೆಲ್ಲ ಕೆರೆದು ಇಳಿಸಿದೆ, ನಾನು ತಳದಲ್ಲಿ ಬಿಟ್ಟದ್ದರ ಜೊತೆ ಅದೂ ಸೇರಿ ಜರಡಿಯ ಬಾಯಿ ಮುಚ್ಚಿದೆ. ಮೇಲೆ ತುಂಬ ಎಣ್ಣೆಯಿದ್ದರೂ ಎಂಜಿನ್ನಿಗೆ ಹನಿ ಏರುತ್ತಿಲ್ಲ.

“ಬೆನ್, ಇದನ್ನು ಯಾಕೆ ಒಳಗೆ ಬಿಟ್ಟೆ?”

ಹೇಳಿದೆ. ಎಣ್ಣೆ ಪಾತ್ರೆ ಬರಿದು ಮಾಡಬಾರದು, ಲಕ್ಷ್ಮಿ ಹೋಗುತ್ತಾಳೆ.

ಮಿಸ್ತ್ರಿ ಗಡ್ಡ ಹಿಡಿದುಕೊಂಡ. “ಗಾಡಿಯಲ್ಲಿ ಲಕ್ಷ್ಮಿ ಕೂರುವುದು ಸೀಟಿನ ಮೇಲೆ, ಬೆನ್. ಅಡಿಯಲ್ಲಿ ಅಲ್ಲ.”

ಆಮೇಲೆ ಅವನು ಮೇಲಿನ ಒಂದು ಬೇರಿಂಗಿನ ಮುಚ್ಚಳ ಬಿಚ್ಚಿ, ಬೆರಳಿನ ಉಗುರು ಆಡಿಸಿ ನೋಡಿದ. ಉಗುರಿಗೆ ಗೀರು ತಾಗಿದ್ದರೆ ಎಂಜಿನ್ ಮುಗಿಯಿತು. “ಬಚ್ ಗಯಾ,” ಅಂದ. “ಆ ಗೇಟಿನವರೆಗೆ ಓಡಿಸಿದ್ದರೆ ಇದನ್ನು ತೂಕಕ್ಕೆ ಹಾಕಬೇಕಿತ್ತು.”

ಮರುದಿನ ಬೆಳಿಗ್ಗೆ ಇಡ್ಲಿ ಬೇಯಿಸುವ ಕೆಲಸ ಇರಲಿಲ್ಲ. ಇಬ್ಬರಿಗೆ ಅನ್ನ ಮಾಡಿ, ಹುರುಳಿ ಸಾರು ಇಳಿಸಿ ಮುಚ್ಚಿಟ್ಟೆ. ದೂರದಿಂದ ಬರುವವರಿಗೆ ಊಟ ಇಡಬೇಕು, ಅವರು ಯಾಕೆ ಬರುತ್ತಾರೆ ಎಂಬುದು ಬೇರೆ ಮಾತು. ಗ್ಯಾರೇಜಿಗೆ ಹೋದೆ. ತಟ್ಟೆ, ಜರಡಿ ತೊಳೆಯುವುದನ್ನು ಮಿಸ್ತ್ರಿ ನನಗೆ ಬಿಟ್ಟಿದ್ದ. ಸೀಮೆಎಣ್ಣೆಯಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ನನ್ನ ಗಂಡ. ಇಸ್ತ್ರಿ ಮಾಡಿದ ಅಂಗಿ. ಮೈ ಸ್ವಲ್ಪ ಬಂದಿತ್ತು.

“ನಿಂತಿತಲ್ದಾ?” ಅಂದರು.

“ನಿಂತದ್ದಲ್ಲ. ನಾನ್ ನಿಲ್ಸಿದ್.”

“ಎರಡೂ ಒಂದೇ.”

“ಒಂದೇ ಅಲ್ಲ. ಮಿಸ್ತ್ರಿ ಹತ್ರ ಕೇಣಿ.”

ಅವರು ಕೇಳಲಿಲ್ಲ. ಕೆಲಸ ಹೋದ ಸುದ್ದಿಯೂ ಯಾರ ಬಾಯಿಂದಲೋ ಹೋಟೆಲಿನವರಿಗೆ, ಅಲ್ಲಿಂದ ಅವರಿಗೆ ಮುಟ್ಟಿತ್ತು. ಎಂಜಿನ್ನಿನ ಅಡಿ ಬಿಚ್ಚಿಟ್ಟ ಕಾರನ್ನು, ಮಸಿ ಹಿಡಿದ ನನ್ನ ಕೈಯನ್ನು ನೋಡಿದರು. “ಅಣ್ಣಯ್ಯ ಮಧ್ಯಾಹ್ನದ ಗಾಡಿಗೇ ಬಪ್ಪುಕೆ ಹೇಳಿದ್ರ್. ಸಾಮಾನ್ ಕಟ್ಟುದ್ ಎಷ್ಟ್ ಇತ್ತ್?”

ನಾನು ತಟ್ಟೆ ಓರೆ ಮಾಡಿ ಸೀಮೆಎಣ್ಣೆ ಚೆಲ್ಲಿದೆ. ಮೂಲೆಯಲ್ಲಿ ಒಂದಿಷ್ಟು ಕಪ್ಪು ನಿಂತಿತ್ತು. ಬಟ್ಟೆ ಬೇಕಾಯಿತು. ಚೀಲದಲ್ಲಿ ಅವರ ಹಳೆಯ ಪಂಚೆಯ ತುಂಡಿತ್ತು, ಅದನ್ನೇ ತೆಗೆದೆ.

“ಹ್ವಾಯ್, ಪೂರ್ತಿ ಒರ್ಸಬೇಡ. ಒಂದ್ ಹನಿ ಇರ್ಲಿ,” ಅಂದರು. ಅವರ ಬಾಯಿಂದ ತಾನಾಗಿ ಬಂದ ಮಾತು.

ನಾನು ಮೂಲೆಗೆ ಬೆರಳು ತೂರಿಸಿ ಒರೆಸಿದೆ. ತಗಡು ಬಿಳಿಯಾಗುವವರೆಗೆ ಒರೆಸಿದೆ. ಬೆಳಕಿಗೆ ಹಿಡಿದು ತೋರಿಸಿದೆ. ಅವರು ಮುಖ ಆಚೆ ಮಾಡಿದರು.

ಮಿಸ್ತ್ರಿ ಕಾರ್ಕಿನ ಹಾಳೆ ಕತ್ತರಿಸಿ, ಅಂಟು ಸವರಿ, ತಟ್ಟೆ ಕೂರಿಸಿದ. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ, ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿದ. ಹೊಸ ಫಿಲ್ಟರ್ ಹಾಕಿದ. ಎಣ್ಣೆ ನಾನು ಹೊಯ್ದೆ. ಬಳಿಕ ಅವನು ಕಿಡಿಯ ತಂತಿ ಕಳಚಿ, ಮುಂದಿನಿಂದ ತಿರುಗಿಸುವ ಹ್ಯಾಂಡಲ್ ನನ್ನ ಕೈಗೆ ಕೊಟ್ಟ. ಎಂಜಿನ್ ಹಿಡಿಯುವ ಮೊದಲು ಕೈಯಿಂದ ತಿರುಗಿಸಿ ಎಣ್ಣೆಯನ್ನು ಮೇಲಕ್ಕೆ ಏರಿಸಬೇಕಂತೆ. ಭಾರವಿತ್ತು, ಆದರೆ ರುಬ್ಬುವ ಕಲ್ಲಿಗಿಂತ ಹಗುರ. ಬೆವರು ಇಳಿಯುವವರೆಗೆ ತಿರುಗಿಸಿದೆ. ನನ್ನ ಗಂಡ ನೋಡುತ್ತ ನಿಂತಿದ್ದರು. ಒಂದು ಸಲ ಕೈ ಮುಂದೆ ಮಾಡಿದರು, ಇಸ್ತ್ರಿ ಅಂಗಿ ನೆನಪಾಗಿ ಹಿಂದೆ ತೆಗೆದರು.

ತಂತಿ ಸಿಕ್ಕಿಸಿ ಚಾವಿ ತಿರುಗಿಸಿದೆ. ಕೆಂಪು ದೀಪ ಹತ್ತಿತು. ಎಂಜಿನ್ ಹಿಡಿಯಿತು. ದೀಪ ಹಾಗೇ ಇತ್ತು. ಮಿಸ್ತ್ರಿ ಕೈ ಎತ್ತಿ, ತಾಳು ಎಂದ. ದೀಪ ಆರಿತು. ಸದ್ದಿಗೆ ಕಿವಿ ಕೊಟ್ಟೆ. ಟಕ ಟಕ ಇರಲಿಲ್ಲ.

ನನ್ನ ಗಂಡ ಗಡಿಯಾರ ನೋಡಿಕೊಂಡರು. “ಗಾಡಿಗೆ ಹೊತ್ತಾಯ್ತ್,” ಅಂದರು. ಸಾಮಾನಿನ ಮಾತು ತೆಗೆಯಲಿಲ್ಲ.

“ಅನ್ನ ಮಾಡಿ ಇಟ್ಟಿದ್ದೆ.”

“ಉಂಡ್ ಹೋಪುಕೆ ಹೊತ್ತಿಲ್ಲೆ.”

“ಕೂಕಣಿ, ಸ್ಟೇಷನ್ನಿಗೆ ಬಿಡ್ತೆ.”

ಪಕ್ಕದ ಸೀಟಿನಲ್ಲಿ ಕುಳಿತರು. ಮಕರ್‌ಪುರದಿಂದ ಸ್ಟೇಷನ್ನಿನವರೆಗೂ ಅವರ ಕಣ್ಣು ಆ ಕೆಂಪು ದೀಪದ ಗಾಜಿನ ಮೇಲೆಯೇ ಇತ್ತು. ಅದು ಹತ್ತಲಿ ಎಂದು ನೋಡುತ್ತಿದ್ದರೋ, ಹತ್ತದಿರಲಿ ಎಂದೋ, ನಾನು ಕೇಳಲಿಲ್ಲ. ಇಳಿದು, ಬಾಗಿಲು ಹಿಡಿದುಕೊಂಡೇ ನಿಂತರು.

“ಅಣ್ಣಯ್ಯನ್ ಹತ್ರ ಎಂತ ಹೇಳುದ್?”

“ನನ್ನನ್ನ್ ಸ್ಟೇಷನ್ನಿಗೆ ಅವ್ಳೇ ಬಿಟ್ಳ್ ಅಂದ್ ಹೇಳಿ.”

ಬಾಗಿಲು ಹಾಕಿದರು. ಅದು ಒಂದೇ ಸಲಕ್ಕೆ ಹಾಕಿಕೊಳ್ಳುವುದಿಲ್ಲ, ಸ್ವಲ್ಪ ಎತ್ತಿ ಹಾಕಬೇಕು. ಅವರಿಗೆ ಅದು ಮರೆತಿರಲಿಲ್ಲ.

ಅಲ್ಲಿಂದ ಮನೆಗೆ ಹೋಗದೆ ಕೊಯಾಲಿಗೆ ಹೋದೆ. ಸೂಪರ್‌ವೈಜರ್ ಗೇಟಿನಲ್ಲೇ ಇದ್ದ.

“ಒಂದು ದಿನ ತಪ್ಪಿದರೆ ಇನ್ನೊಬ್ಬ ಎಂದು ಹೇಳಿದ್ದೆನಲ್ಲ, ಮಾಸಿ.”

“ಇನ್ನೊಬ್ಬ ಬಂದನಾ?”

“ಬಂದ. ಪಾವ್ ಕೊಟ್ಟ.”

“ತಿಂದರಾ?”

“ತಿಂದರು.” ತಲೆ ಕೆರೆದುಕೊಂಡ. “ತಿಂದು ಬೈದರು.”

“ಅವನನ್ನಾ?”

“ನನ್ನನ್ನು. ತಮಿಳಿನಲ್ಲಿ.” ಅವನಿಗೆ ಅದೇ ಹೆಚ್ಚು ನೋವಾಗಿತ್ತು ಅಂತ ಕಾಣುತ್ತದೆ. “ನಾಳೆ ತಾ. ಆದರೆ ಇನ್ನೊಂದು ಸಲ ಹೀಗೆ ದಾರಿಯಲ್ಲಿ ನಿಲ್ಲಿಸಿದರೆ...”

“ದೀಪ ಹತ್ತಿದರೆ ಇನ್ನೊಂದು ಸಲವೂ ನಿಲ್ಲಿಸುತ್ತೇನೆ.”

“ಯಾವ ದೀಪ?”

ತೋರಿಸಿದೆ. ಅವನಿಗೆ ಅರ್ಥವಾಗಲಿಲ್ಲ. “ಹೋಗು ಮಾಸಿ, ನಾಳೆ ಹೊತ್ತಿಗೆ ಸರಿಯಾಗಿ ಬಾ,” ಅಂದ.

ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಕೈಯ ಮಸಿ ಹೋಗಲು ಬೂದಿ, ಸೋಪು ಎರಡೂ ಬೇಕಾಯಿತು, ಉಗುರಿನದು ಆಗಲೂ ಹೋಗಲಿಲ್ಲ. ಅನ್ನ ತಣ್ಣಗಾಗಿತ್ತು. ತಟ್ಟೆ ಒಂದೇ ಇಟ್ಟು, ನನ್ನ ಪಾಲು ಉಂಡೆ. ಹಸಿವು ಇನ್ನೂ ಇತ್ತು. ಅವರ ಪಾಲನ್ನೂ ಬಡಿಸಿಕೊಂಡು ಉಂಡೆ. ಆಮೇಲೆ ಎದ್ದು ನಾಳೆಯ ಇಡ್ಲಿಗೆ ಅಕ್ಕಿ, ಉದ್ದು ನೆನೆಹಾಕಿದೆ.